ಕಾಲುಚೀಲದೊಳಗಿನ ಚೂರಿ

ಗಂಡಸಿನ ಕಾಲುಚೀಲದೊಳಗೆ ಏನಿರುತ್ತದೆ ಎಂದು ಯಾವ ಹೆಂಗಸೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಗೆಯುವಾಗ ಕೈಗೆ ಸಿಗುವುದು ತೂತು ಮಾತ್ರ. ನಾನಂತೂ ಜನ್ಮದಲ್ಲಿ ಕಾಲುಚೀಲ ಹಾಕಿದವಳಲ್ಲ. ಈ ಪರದೇಶದ ಈಸ್ಟ್ ಹ್ಯಾಮ್‌ನ ಚಳಿಯಲ್ಲೂ ಇಳಕಲ್ ಸೀರೆ, ಬರಿಗಾಲಿಗೆ ಚಪ್ಪಲಿ. ಮಗಳು ಸುಮಂಗಲಾ ಆಸ್ಪತ್ರೆಯಲ್ಲಿ ಡಾಕ್ಟರು. ದಿನವೆಲ್ಲ ಊರವರ ಕಾಲು ನೋಡಿ ಬಂದು ಸಂಜೆ ನನ್ನ ಕಾಲಿಗೆ ಬೈಯುತ್ತಾಳೆ. ನಾನು ಕಲಿತದ್ದು ಎರಡನೇ ಇಯತ್ತೆ. ಕಲಿತವರಿಂದ ಬೈಸಿಕೊಳ್ಳುವುದು ರೂಢಿಯಾಗಿದೆ.

ಮೊಮ್ಮಗಳು ಪಲ್ಲವಿ ಮೆಚ್ಚಿದ ಹುಡುಗ ಕ್ಯಾಲಂ, ಸ್ಕಾಟ್ಲೆಂಡಿನವನು. ನಿಶ್ಚಯದ ದಿನ ನಮ್ಮನ್ನು ಬಾಡಿಗೆ ಹಿಡಿದ ಹಾಲ್‌ಗೆ ಕರೆದೊಯ್ಯಲು ಮನೆಗೆ ಬಂದ. ಮೊಣಕಾಲಿನವರೆಗೆ ಚೌಕಳಿ ಲಂಗ. ಅದಕ್ಕೆ ಕಿಲ್ಟ್ ಎಂದು ಹೆಸರಂತೆ. ಲಂಗಕ್ಕೆ ನಾನು ಬೆಚ್ಚಲಿಲ್ಲ. ಧೋತರ ಎತ್ತಿ ಕಟ್ಟಿ ಓಡಾಡುವ ಗಂಡಸರನ್ನು ಕಂಡವಳು. ಇದು ಹೊಲಿಸಿದ ಧೋತರ ಎಂದುಕೊಂಡೆ. ಹುಡುಗ ಬಗ್ಗಿ ನನ್ನ ಕಾಲು ಮುಟ್ಟಿದ. ಏಳುವಾಗ ಅವನ ಉದ್ದನೆಯ ಕಾಲುಚೀಲದ ಅಂಚಿನಲ್ಲಿ ಒಂದು ಕರಿ ಹಿಡಿ ಇಣುಕಿತು. ಆಶೀರ್ವಾದ ನನ್ನ ಬಾಯಲ್ಲೇ ಉಳಿಯಿತು.

“ಪಲ್ಲವಿ, ಇವನ ಕಾಲಾಗ ಅದೇನು?”

“ರಿಲ್ಯಾಕ್ಸ್ ಅಜ್ಜಿ. ಇಟ್ಸ್ ಜಸ್ಟ್ ಅ ನೈಫ್.”

ಜಸ್ಟ್ ಎಂದರೆ ಏನೋ ನನಗೆ ಗೊತ್ತಿಲ್ಲ. ನೈಫ್ ಗೊತ್ತು. ಅಲ್ಲೇ ಸೋಫಾದ ಮೇಲೆ ಕುಳಿತೆ.

ಮದುಮಗ ಚೂರಿ ಹಿಡಿಯುವುದು ನಮಗೆ ಹೊಸದಲ್ಲ. ದೃಷ್ಟಿ ತಾಗದಿರಲೆಂದು ನಮ್ಮ ಕಡೆಯೂ ಕೈಗೆ ಕಟಾರಿ ಕೊಡುತ್ತಾರೆ. ಆದರೆ ಅದರ ತುದಿಗೆ ಲಿಂಬೆಹಣ್ಣು ಚುಚ್ಚಿರುತ್ತಾರೆ, ಊರೆಲ್ಲ ನೋಡುತ್ತದೆ. ನಮ್ಮ ಯಜಮಾನರು ಮಂಟಪದಲ್ಲಿ ತೂಕಡಿಸಿ ಆ ಹಣ್ಣಿನ ರಸವನ್ನು ಕಣ್ಣಿಗೆ ಹಚ್ಚಿಕೊಂಡು ಅತ್ತರು. ಹೆಣ್ಣನ್ನು ನೋಡಿ ಅತ್ತ ಎಂದು ಜನ ಆಡಿಕೊಂಡರು. ಇರಲಿ. ಮುಚ್ಚಿಟ್ಟುಕೊಳ್ಳುವುದು ಕಳ್ಳರ ಕೆಲಸ. ಎದ್ದು ಹೋಗಿ ಫ್ರಿಜ್‌ನಿಂದ ಲಿಂಬೆಹಣ್ಣು ತಂದೆ.

“ಇದಕ್ಕ ಚುಚ್ಚಿ ಕೈಯಾಗ ಹಿಡ್ಕೊಂಡು ಬಾ ಅನ್ನು.”

“ಅವ್ವಾ, ಕೈಯಾಗ ಹಿಡದ್ರ ಪೊಲೀಸ್ರು ಒಯ್ತಾರ,” ಎಂದಳು ಸುಮಂಗಲಾ. “ಕಾಲುಚೀಲದಾಗ ಇದ್ರ ಅದು ಉಡುಪು. ಕೈಗೆ ಬಂತಂದ್ರ ಆಯುಧ.”

ಈ ದೇಶದಲ್ಲಿ ಬೀದಿಯಲ್ಲಿ ಚೂರಿ ಇಟ್ಟುಕೊಂಡು ತಿರುಗಿದರೆ ಜೈಲಂತೆ. ತಮ್ಮ ನಾಡಿನ ಉಡುಪಿನ ಭಾಗವಾದರೆ ಮಾತ್ರ ಕಾಯದೆ ಒಪ್ಪುತ್ತದಂತೆ. ನಾಳೆ ಪ್ಯಾಂಟು ತೊಟ್ಟು ಅದನ್ನೇ ಜೇಬಿಗೆ ಹಾಕಿಕೊಂಡರೆ ಒಳಗೆ. ಕ್ಯಾಲಂ ತಾನೇ ಹೇಳಿದ, ಮಗಳು ಕನ್ನಡ ಮಾಡಿದಳು: ಒರೆ ಬಿಗಿಯಾಗಿದೆ, ದಾರಿಯಲ್ಲಿ ಹೊರಗೆ ತೆಗೆಯುವುದಿಲ್ಲ, ಕುಡಿಯಲು ಕೂರುವ ಮುಂಚೆ ತಾಯಿಯ ಕೈಗೆ ಕೊಡುತ್ತೇನೆ, ಇದು ನನ್ನ ಅಜ್ಜನದು.

“ಅಜ್ಜನದಾದ್ರೇನು, ಮುತ್ತಜ್ಜನದಾದ್ರೇನು. ಚೂರಿ ಕಟ್ಕೊಂಡವಗ ನಾ ವೀಳ್ಯ ಕೊಡಂಗಿಲ್ಲ,” ಎಂದೆ. ಮನೆಯ ಹಿರಿಯಳು ನಾನು. ನನ್ನ ಕೈಯ ವೀಳ್ಯವಿಲ್ಲದೆ ನಿಶ್ಚಯ ಆಗುವಂತಿಲ್ಲ. ಪಲ್ಲವಿ ಕಣ್ಣಿನ ಕಾಡಿಗೆ ಒರೆಸಿಕೊಂಡಳು. “ಮೊದ್ಲ ನಡೀರಿ, ಹಾಲ್‌ನಾಗ ನೋಡೋಣು,” ಎಂದು ಸುಮಂಗಲಾ ಎಲ್ಲರನ್ನೂ ಟ್ಯೂಬ್ ರೈಲು ಹತ್ತಿಸಿದಳು.

ಸ್ಟ್ರಾಟ್‌ಫರ್ಡ್ ಸ್ಟೇಷನ್ನಿನಲ್ಲಿ ಪೊಲೀಸರು ವಿಮಾನ ನಿಲ್ದಾಣದಲ್ಲಿರುವಂಥ ಬಾಗಿಲು ನಿಲ್ಲಿಸಿದ್ದರು. ಚೂರಿ ಹುಡುಕುವ ಬಾಗಿಲು. ಇನ್ನು ಹುಡುಗನ ಕತೆ ಮುಗಿಯಿತು, ನಾನು ಮೊದಲೇ ಹೇಳಿರಲಿಲ್ಲವೇ ಎನ್ನಲು ಬಾಯಿ ಸಜ್ಜು ಮಾಡಿಕೊಂಡೆ. ಅವನು ಬಾಗಿಲಿಗೆ ಹೋಗುವ ಮೊದಲೇ ಕಾಲು ತೋರಿಸಿ, ಇಂಥದ್ದಿದೆ, ನಿಶ್ಚಯಕ್ಕೆ ಹೊರಟಿದ್ದೇವೆ ಎಂದ. ಪೊಲೀಸಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಶುಭವಾಗಲಿ ಎಂದು ಬಿಟ್ಟಳು.

ಹಿಂದೆ ನಾನು ಹೋದೆ. ಬಾಗಿಲು ಕಿರುಚಿಕೊಂಡಿತು.

ಸೊಂಟಕ್ಕೆ ಸಿಕ್ಕಿಸಿದ ಎಲೆ ಅಡಿಕೆಯ ಸಂಚಿ ಹೊರಗೆ ಬಂತು. ಸಂಚಿಯಿಂದ ನನ್ನ ಅತ್ತೆಯ ಕಾಲದ ಅಡಕತ್ತರಿ ಬಂತು. ಪೊಲೀಸಮ್ಮ ಅದನ್ನು ತೆರೆದಳು, ಮುಚ್ಚಿದಳು, ಮೇಜಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ಹುಡುಗನ ಚೂರಿ ಅದರ ಮುಂದೆ ಕೂಸು. ಎಷ್ಟೋ ವರ್ಷದಿಂದ ಅದನ್ನು ಸೊಂಟದಲ್ಲಿಟ್ಟುಕೊಂಡೇ ಗುಡಿಗೆ, ಅಂಗಡಿಗೆ, ಜಿಪಿ ಡಾಕ್ಟರ ಹತ್ತಿರ ಹೋಗಿ ಬಂದಿದ್ದೆ.

“ಯಾಕ ಇಟ್ಕೊಂಡಿ ಅಂತ ಕೇಳಾಕತ್ತಾಳ, ಅವ್ವಾ.”

“ಬಾಯಾಗ ಹಲ್ಲಿಲ್ಲ. ಅದಽ ನನ್ನ ಹಲ್ಲು ಅಂತ ಹೇಳು.”

ಸುಮಂಗಲಾ ಹೇಳಿದಳು. ಸಾಕ್ಷಿಗೆ ನಾನು ಬಾಯಿ ತೆರೆದು ತೋರಿಸಿದೆ. ಆಗ ಕ್ಯಾಲಂ ನಡುವೆ ಬಂದ. ನನ್ನ ಸೀರೆ ತೋರಿಸಿದ, ಸಂಚಿ ತೋರಿಸಿದ, ತನ್ನ ಲಂಗ ತೋರಿಸಿದ. ಇವರದೂ ನಾಡಿನ ಉಡುಪೇ, ಇವತ್ತಿನ ಶಾಸ್ತ್ರಕ್ಕೆ ಇವರು ಅಡಿಕೆ ಕತ್ತರಿಸಲೇಬೇಕು, ಇಲ್ಲದಿದ್ದರೆ ನನಗೆ ಹೆಣ್ಣು ಸಿಗುವುದಿಲ್ಲ ಎಂದನಂತೆ. ಪೊಲೀಸಮ್ಮ ನಕ್ಕಳು. ಬಟ್ಟೆ ಸುತ್ತಿ ಮಗಳ ಚೀಲದಲ್ಲಿಡಿ, ಶಾಸ್ತ್ರ ಮುಗಿದ ಮೇಲೆ ನೇರ ಮನೆಗೆ ಒಯ್ಯಿರಿ, ಬೇರೆ ದಿನ ಇದು ಬೀದಿಗೆ ಬರಕೂಡದು ಎಂದು ಬೆರಳಾಡಿಸಿ ಬಿಟ್ಟಳು.

ಹಾಲ್‌ನಲ್ಲಿ ವೀಳ್ಯ ಕೊಟ್ಟೆ. ಇನ್ನೇನು ಮಾಡಲಿ. ನಾನು ಅಡಿಕೆ ಕತ್ತರಿಸುವಾಗ ಅವನ ತಾಯಿ, ನಿಮ್ಮ ಅಜ್ಜಿ ಯಾವಾಗಲೂ ಆಯುಧ ಹಿಡಿದೇ ತಿರುಗುತ್ತಾರೆಯೇ ಎಂದು ಪಲ್ಲವಿಯನ್ನು ಕೇಳಿದಳಂತೆ.

ಈಗ ನಾನು ಹೊರಗೆ ಹೊರಟರೆ ಸುಮಂಗಲಾ ಬಾಗಿಲಲ್ಲಿ ನಿಂತು ಸೊಂಟ ತಡವಿ ನೋಡುತ್ತಾಳೆ. ಸಂಚಿ ಹಗುರಾಗಿದೆ. ಮೊನ್ನೆ ಅವಳ ಹತ್ತಿರ ಎರಡು ಜೊತೆ ಕಾಲುಚೀಲ ಕೇಳಿದೆ, ಮೊಣಕಾಲಿನವರೆಗೆ ಬರುವಂಥವು. ಅಂತೂ ಅವ್ವನಿಗೆ ಬುದ್ಧಿ ಬಂತು, ಚಳಿ ಗೊತ್ತಾಯಿತು ಎಂದು ಅವಳಿಗೆ ಬಹಳ ಸಂತೋಷವಾಗಿದೆ.