ಕೆಂಪು ರಕ್ಕಸನ ಗೆಲುವು

“ಇವತ್ತು ನೀನೇ ಗೆಲ್ತಿದ್ದೀಯ” ಎಂದು ಕುಸ್ತಿ ಕಂಪನಿಯ ಯಜಮಾನ ಓಇಕಾವಾ ಬೆಳಗ್ಗೆ ಫೋನಿನಲ್ಲಿ ಹೇಳಿದಾಗ ಮೊರಿಹಿಕೊ ಹಲ್ಲುಜ್ಜುತ್ತಿದ್ದ. ಗಾಬರಿಯಲ್ಲಿ ಬಾಯೊಳಗಿನ ನೊರೆಯನ್ನೆಲ್ಲ ನುಂಗಿಬಿಟ್ಟ.

ಗೆಲ್ಲುವುದು ಅವನ ಕಸುಬಲ್ಲ. ಜೋಡಿ ಕುಸ್ತಿಯ ಪ್ರತಿ ಜೋಡಿಯಲ್ಲೂ ಬೀಳುವುದಕ್ಕೆಂದೇ ಒಬ್ಬನಿರುತ್ತಾನೆ. ‘ನೀಲಿ ರಕ್ಕಸ, ಕೆಂಪು ರಕ್ಕಸ’ ಎಂಬ ಮುಖವಾಡದ ಜೋಡಿಯಲ್ಲಿ ಗರ್ಜಿಸುವುದು, ಗುದ್ದುವುದು, ಹುಡುಗಿಯರತ್ತ ಕೈಬೀಸುವುದು ನೀಲಿ ರಕ್ಕಸ ತ್ಸುರುಮಾಕಿಯ ಪಾಲು. ಕೊನೆಗೆ ಅಂಗಾತ ಬಿದ್ದು, ರೆಫರಿ ಮೂರು ಎಣಿಸುವ ತನಕ ಸೂರು ನೋಡುತ್ತಿರುವುದು ಕೆಂಪು ರಕ್ಕಸ ಮೊರಿಹಿಕೊನ ಪಾಲು. ಉತ್ತರ ಜಪಾನಿನ ಯಾವ ಊರಿನ ಸಭಾಂಗಣದ ಸೂರು ಎಲ್ಲಿ ಸೋರುತ್ತದೆ ಎಂಬುದು ಅವನಿಗೆ ಬಾಯಿಪಾಠ. ಹೆಂಡತಿ ಫುಮಿಕಾ ಅವನ ಉಡುಪು ಒಗೆಯುವಾಗ ಬೆನ್ನಿಗಷ್ಟೇ ಸೋಪು ಹಚ್ಚುತ್ತಿದ್ದಳು. ಮುಂಭಾಗ ಅಂಗಡಿಯಿಂದ ತಂದ ಹಾಗೇ ಇರುತ್ತಿತ್ತು.

ಆದರೆ ಇವತ್ತಿನ ಪಂದ್ಯ ಅವನ ಸ್ವಂತ ಊರಿನಲ್ಲಿ, ಬಂದರಿನ ಮೀನು ಹರಾಜು ಕಟ್ಟೆಯಲ್ಲಿ. ಕುಸ್ತಿಯವನನ್ನು ಅವನ ಊರಿನವರೆದುರು ಒಂದು ಸಲ ಗೆಲ್ಲಿಸಿ ಕಳಿಸುವುದು ಈ ಕಸುಬಿನ ಮರ್ಯಾದೆ.

“ಎದುರು ಜೋಡಿಯ ಹಿಮಕರಡಿ ತಾನಾಗೇ ಜಾರಿ ಬೀಳ್ತಾನೆ. ನೀನು ಅವನ ಮೇಲೆ ಬಿದ್ಕೊಂಡ್ರೆ ಆಯ್ತು. ಬೀಳೋದು ನಿನಗೆ ಹೇಳಿಕೊಡಬೇಕಾ? ಆದ್ರೆ ಒಂದು ನರಪಿಳ್ಳೆಗೂ ಗೊತ್ತಾಗಬಾರದು, ನೋಡು!”

ಮೊರಿಹಿಕೊನ ಕಣ್ಣು ತುಂಬಿ ಬಂತು. ಕಾರಣ ಅತ್ತೆ. ಬೀದಿಯ ತುದಿಯಲ್ಲಿ, ಸೋಯಾ ಪನೀರಿನಂಥ ತೋಫು ಮಾಡಿ ಮಾರುವ ಅಂಗಡಿ ನಡೆಸುವ ಅತ್ತೆ ಇಸೆ ಹೋದವಾರವಷ್ಟೇ ಊಟಕ್ಕೆ ಕೂತಾಗ ತೀರ್ಪು ಕೊಟ್ಟಿದ್ದಳು:

“ಅಳಿಯಂದ್ರೇ, ಭಾನುವಾರ ನಾನೂ ಬಂದು ಮುಂದಿನ ಸಾಲಲ್ಲೇ ಕೂರ್ತೀನಿ. ನೀವು ಗೆದ್ರೆ ಇನ್ನು ಜನ್ಮದಲ್ಲಿ ಬಾಯಿ ಬಿಡಲ್ಲ. ಬಿದ್ರೆ ಮಾತ್ರ ಸೋಮವಾರದಿಂದ ಮುಖವಾಡ ತೆಗೆದಿಟ್ಟು ಅಂಗಡಿಗೆ ಬರಬೇಕು. ಬೀಳೋಕೆ ಅಷ್ಟು ದೂರ ಬಸ್ಸಲ್ಲಿ ಯಾಕೆ ಹೋಗ್ತೀರಿ? ನಮ್ಮಂಗಡಿ ನೆಲ ಸದಾ ಒದ್ದೆಯಾಗೇ ಇರುತ್ತಲ್ಲ!”

ಗುಟ್ಟನ್ನು ಮೊರಿಹಿಕೊ ಯಾರಿಗೂ ಹೇಳಲಿಲ್ಲ. ಅವನ ಮುಖವೇ ಹೇಳಿಬಿಟ್ಟಿತು. ಮುಖವಾಡದೊಳಗೆ ಬದುಕಿದವನಿಗೆ ಬರಿಮುಖವನ್ನು ಹತೋಟಿಯಲ್ಲಿಡುವ ಅಭ್ಯಾಸ ಎಲ್ಲಿಂದ ಬರಬೇಕು? ಅವನು ಬೀದಿಗಿಳಿದ ಕೂಡಲೇ ಮೀನಂಗಡಿಯ ಇಸೊಬೆ ಚಾಕು ಕೆಳಗಿಟ್ಟು ದಿಟ್ಟಿಸಿದ.

“ಏನಣ್ಣಾ, ಹಲ್ಲು ಕಾಣ್ತಿದೆ? ಇವತ್ತು ಗೆಲ್ತಿದ್ದೀಯ ತಾನೆ?”

“ಛೆ ಛೆ! ಕುಸ್ತೀಲಿ ಯಾರು ಗೆಲ್ತಾರೆ ಅಂತ ಮೊದಲೇ ಹೇಗಪ್ಪಾ ಗೊತ್ತಾಗುತ್ತೆ?”

“ಗೊತ್ತಾಗಲ್ಲ, ಗೊತ್ತಾಗಲ್ಲ” ಎಂದು ಇಸೊಬೆ ಎಡಗಣ್ಣು ಮಿಟುಕಿಸಿ, ಮಂಜುಗಡ್ಡೆಯೊಳಗಿಂದ ‘ತಾಯ್’ ಎಂಬ ಜಾತಿಯ ಕೆಂಪು ಮೀನೊಂದನ್ನು ಎಳೆದು ಅವನ ತೋಳಿಗೆ ಹಾಕಿಯೇಬಿಟ್ಟ.

ಆ ಊರಿನಲ್ಲಿ ಇಡೀ ತಾಯ್ ಮೀನು ಕೈಗೆ ಬರುವುದು ಮದುವೆಯಾದಾಗ, ಇಲ್ಲವೇ ಗೆದ್ದಾಗ. ಮೊರಿಹಿಕೊಗೆ ಮದುವೆಯಾಗಿರುವುದು ಎಲ್ಲರಿಗೂ ಗೊತ್ತು. ಅಲ್ಲಿಗೆ ಲೆಕ್ಕ ಸರಿಹೋಯಿತು. ಮಗುವಿನ ಹಾಗೆ ಮೀನನ್ನು ಎತ್ತಿಕೊಂಡು ಅವನು ಬೀದಿ ದಾಟುವುದರೊಳಗೆ ಕ್ಷೌರದಂಗಡಿಯವನು ಹೊರಬಂದು “ಬಾನ್ಜಾಯ್!” ಎಂದು ಜಯಕಾರ ಹಾಕಿ ಎರಡೂ ಕೈ ಎತ್ತಿದ, ಒಂದರಲ್ಲಿ ಕತ್ತರಿಯಿತ್ತು. ಹೆಂಡದಂಗಡಿಯವನು ಪೀಪಾಯಿಯನ್ನೇ ಉರುಳಿಸಿಕೊಂಡು ಬಂದ. “ಅಯ್ಯೋ, ಗುಟ್ಟು, ಗುಟ್ಟು!” ಎಂದು ಮೊರಿಹಿಕೊ ಬೇಡಿಕೊಂಡ. “ಹೌದ್ರಪ್ಪಾ, ಗುಟ್ಟಂತೆ!” ಎಂದು ಕ್ಷೌರದವನು ಬೀದಿಗೆಲ್ಲ ಕೇಳುವಂತೆ ಕೂಗಿದ.

ತೋಫು ಅಂಗಡಿಯ ಬಾಗಿಲ ಪರದೆ ಸರಿಯಿತು. ಅತ್ತೆ ಮೀನನ್ನು ನೋಡಿದಳು, ಅಳಿಯನನ್ನು ನೋಡಿದಳು, ಮತ್ತೆ ಮೀನನ್ನು ನೋಡಿದಳು.

“ಹೂಂ. ಮೀನು ದಪ್ಪಗಿದೆ” ಎಂದಷ್ಟೇ ಹೇಳಿ ಒಳಗೆ ಹೋದಳು.

ಮಧ್ಯಾಹ್ನದ ಬಸ್ಸಿಗೆ ನೀಲಿ ರಕ್ಕಸ ತ್ಸುರುಮಾಕಿ ಬಂದಿಳಿದ. ಸಾರ್ವಜನಿಕ ಸ್ನಾನದ ಮನೆಯ ಯುನೊಕಿ ಅವನನ್ನು ನಿಲ್ದಾಣದಿಂದಲೇ ಎಳೆದುಕೊಂಡು ಹೋದ. “ಗೆಲ್ಲೋರಿಗೆ ಇವತ್ತು ಸ್ನಾನ ಪುಕ್ಕಟೆ. ನಿಮಗಂತಲೇ ಇನ್ನೆರಡು ಹೊರೆ ಸೌದೆ ಜಾಸ್ತಿ ಹಾಕಿದ್ದೀನಿ, ಇಳೀರಿ!”

ತ್ಸುರುಮಾಕಿ ಕುತ್ತಿಗೆಯ ತನಕ ಇಳಿದ. ನೀಲಿ ರಕ್ಕಸ ಕೆಂಪು ರಕ್ಕಸನಾಗಿ ಚಂಗನೆ ಹೊರಕ್ಕೆ ಹಾರಿದ. ಹಾರಿದ್ದೇನೋ ಚೆನ್ನಾಗಿಯೇ ಇತ್ತು, ಆದರೆ ಇಳಿಯುವ ಹೊತ್ತಿಗೆ ಸೊಂಟ ಹಿಡಿದುಕೊಂಡಿತು. ಮೊರಿಹಿಕೊ ಓಡಿ ಬಂದಾಗ ಅವನು ಸೀಗಡಿಯಂತೆ ಬಾಗಿ ಹಲಗೆಯ ಮೇಲೆ ಬಿದ್ದಿದ್ದ.

“ಸೊಂಟ... ಅಣ್ಣಾ... ಮುಟ್ಟಬೇಡ...”

“ಏಳೋ ಮಾರಾಯ! ನಾನು ಗೆಲ್ಲೋ ದಿನವೇ ಬೀಳಬೇಕಿತ್ತಾ ನಿನಗೆ?”

“ಯಾಕೆ ಹಂಗೆ ಒದ್ದಾಡ್ತೀಯ?” ಎಂದ ಯುನೊಕಿ, ತಪ್ಪೆಲ್ಲ ಸೌದೆಯದೇ ಎಂಬಂತೆ. “ಮುಖವಾಡದೊಳಗೆ ಯಾರಿದ್ರೇನು? ಕಣದ ಹಗ್ಗ ಹಿಡ್ಕೊಂಡು ನಿಂತ್ಕೊಳ್ಳೋಕೆ ಒಂದು ಆಳು ಸಾಕು ತಾನೆ? ಆ ನೀಲಿ ಮುಖವಾಡ ಇಲ್ಲಿ ಕೊಡು. ಬೀದೀಲಿ ಗಟ್ಟಿಮುಟ್ಟಾದೋರು ಯಾರಾದ್ರೂ ಸಿಗ್ತಾರೆ, ನಾನು ಕಳಿಸ್ತೀನಿ.”

ಬೇರೆ ದಾರಿಯಿಲ್ಲದೆ ಮೊರಿಹಿಕೊ ಮುಖವಾಡವನ್ನೂ ಮೈಯುಡುಪನ್ನೂ ಕೊಟ್ಟ.

ಸಂಜೆ ಹರಾಜು ಕಟ್ಟೆ ಕಿಕ್ಕಿರಿದಿತ್ತು. ಇಡೀ ಬೀದಿ ಅಂಗಡಿ ಮುಚ್ಚಿ ಬಂದಿತ್ತು. ಎಲ್ಲರ ಕೈಯಲ್ಲೂ ಗೆದ್ದವರ ಮೇಲೆ ಎಸೆಯುವ ಬಣ್ಣದ ಕಾಗದದ ಸುರುಳಿ. ಹಗ್ಗದಾಚೆಯಿಂದ ಮೊರಿಹಿಕೊ ಮುಂದಿನ ಸಾಲು ಹುಡುಕಿದ. ಅತ್ತೆಯ ಕುರ್ಚಿಯ ಮೇಲೆ ಅವಳ ಮೆತ್ತೆ ಮಾತ್ರ ಕೂತಿತ್ತು. ಬಾರದೇ ಹೋದಳೆ? ನೋಡುವವಳೇ ಇಲ್ಲದ ಮೇಲೆ ಗೆದ್ದು ಏನು ಬಂತು?

ಅಷ್ಟರಲ್ಲಿ ನೀಲಿ ರಕ್ಕಸ ಬಂತು. ಕುಳ್ಳು, ಅಗಲ, ಅಡುಗೆಮನೆಯ ಬೀರುವಿಗೆ ಉಡುಪು ತೊಡಿಸಿದಂತೆ. ಉಡುಪಿನ ತೋಳು, ಕಾಲು ಎರಡೂ ಮಡಚಿದ್ದವು.

“ಯಾರು, ಇಸೊಬೆನಾ?” ಎಂದು ಮೊರಿಹಿಕೊ ಪಿಸುಗುಟ್ಟಿದ.

“ಹೂಂ.”

“ಏನೂ ಮಾಡಬೇಡ ಕಣೋ, ನಿನ್ನ ದಮ್ಮಯ್ಯ. ಸುಮ್ಮನೆ ಹಗ್ಗ ಹಿಡ್ಕೊಂಡಿರು.”

“ಹೂಂ.”

ಗಂಟೆ ಮೊಳಗಿತು. ಹಿಮಕರಡಿ ಶಿಸ್ತಿನ ಮನುಷ್ಯ. ನಾಲ್ಕು ಗುದ್ದು ಕೊಟ್ಟ, ನಾಲ್ಕು ತಿಂದ, ಗರ್ಜಿಸಿದ. ಅತ್ತೆ ಬಂದಳೋ ಎಂದು ಮೊರಿಹಿಕೊ ಇನ್ನೊಮ್ಮೆ ಕುರ್ಚಿಯತ್ತ ನೋಡಿದ. ಮೆತ್ತೆಯೇ ಇತ್ತು. ಹಿಮಕರಡಿ ಓಡಿ ಬಂದು, ಹೇಳಿಕೊಟ್ಟ ಜಾಗದಲ್ಲೇ ಜಾರಿ, ಹಾಸಿಗೆ ಬಿಚ್ಚಿದಂತೆ ಅಂಗಾತ ಬಿದ್ದ. ಮೊರಿಹಿಕೊ ಅವನ ಮೇಲೆ ಒರಗಿದ. ಅವನ ಬಾಳಿನಲ್ಲಿ ಮೊಟ್ಟಮೊದಲ ಸಲ ಸೂರು ಕಾಣಲಿಲ್ಲ, ನೆಲ ಕಂಡಿತು. ಎಷ್ಟು ಚೆಂದದ ನೆಲ!

“ಒಂದು!” ರೆಫರಿಯ ಅಂಗೈ ನೆಲ ಬಡಿಯಿತು. “ಎರಡು!”

ಹಿಂದಿನಿಂದ ಎರಡು ತೋಳು ಬಂದು ಮೊರಿಹಿಕೊನ ಸೊಂಟ ಸುತ್ತಿದವು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಅವನು ಕಾಳಿನ ಮೂಟೆಯಂತೆ ಮೇಲೆದ್ದು, ಗಾಳಿಯಲ್ಲಿ ಒಂದು ಸುತ್ತು ಬಂದು, ಧೊಪ್ಪೆಂದು ಬಿದ್ದ. ಸೂರು ಮತ್ತೆ ಕಂಡಿತು. ಸೋರುತ್ತಿತ್ತು. ನೀಲಿ ರಕ್ಕಸ ಬಂದು ಅವನ ಎದೆಯ ಮೇಲೆ ಬಲವಾಗಿ ಕೂತಿತು.

ಹಿಮಕರಡಿ ಮಾತ್ರ, ಏಳೆಂದು ಯಾರೂ ಹೇಳದ ಕಾರಣ, ಬಿದ್ದೇ ಇದ್ದ.

“ಜೊತೆಗಾರನನ್ನೇ ಚಿತ್ ಮಾಡೋದಾ? ಹಂಗೆಲ್ಲ ಇಲ್ಲಪ್ಪಾ!” ಎಂದು ರೆಫರಿಯ ಬಾಯಿ ಹೇಳುತ್ತಿತ್ತು. ಆದರೆ ಮೊರಿಹಿಕೊನ ಎರಡು ಭುಜ ನೆಲಕ್ಕೆ ತಾಗಿದ್ದು ಕಂಡರೆ ಮೂರು ಬಡಿಯುವುದು ಅವನ ಕೈಗೆ ಅಷ್ಟು ವರ್ಷಗಳ ರೂಢಿ. ಬಾಯಿ ಬೇಡ ಬೇಡ ಎನ್ನುತ್ತಿರುವಾಗಲೇ ಕೈ ಬಡಿದು ಮುಗಿಸಿತ್ತು. ಗಂಟೆಯವನದೂ ಅದೇ ರೂಢಿ.

ನೀಲಿ ರಕ್ಕಸ ಮುಖವಾಡ ಕಿತ್ತು, ಕೆದರಿದ ಬಿಳಿಗೂದಲು ಸರಿಮಾಡಿಕೊಂಡಿತು. ಇಸೆಯಜ್ಜಿ! ಬೀದಿಗೆ ಬೀದಿಯೇ ಎದ್ದು ನಿಂತು ಸುರುಳಿ ಎಸೆಯಿತು. ಆ ಬಣ್ಣದ ಕಾಗದದ ಮಳೆಯಡಿ ಮೊರಿಹಿಕೊ ಕುಯ್‌ಗುಟ್ಟಿದ.

“ಅತ್ತೇ... ನಾನು ಅಂತ ಗೊತ್ತಾಗಲಿಲ್ವಾ? ಕನ್ನಡಕ ಮರೆತು ಬಂದ್ರಾ?”

“ಕನ್ನಡಕ ಯಾಕೆ? ಚೆನ್ನಾಗೇ ಕಾಣ್ತಿತ್ತು” ಎಂದಳು ಅತ್ತೆ, ಎದೆಯ ಮೇಲಿಂದ ಏಳದೆ. “ತಾಯ್ ಮೀನು ನೋಡಿದಾಗಲೇ ನನಗೆ ಎದೆ ಧಸಕ್ ಅಂತು. ನೀವು ಗೆದ್ದುಬಿಟ್ರೆ ನನ್ನ ಅಂಗಡಿಗೆ ಯಾರು ಗತಿ? ಅಷ್ಟರಲ್ಲಿ ಆ ಯುನೊಕಿ, ಗಟ್ಟಿಮುಟ್ಟಾದೋರು ಬೇಕು ಅಂತ ಬಂದ. ಇಡೀ ಬೀದೀಲಿ ನನಗಿಂತ ಯಾರಿದ್ದಾರೆ ಹೇಳಿ? ನಾಳೆ ಬೆಳಗಾಗೋಕೆ ಮುಂಚೆ ಬಂದುಬಿಡಿ. ಸೋಯಾಕಾಳು ನೆನೆಹಾಕಿ ಬಂದಿದ್ದೀನಿ.”

ಯಜಮಾನ ಓಇಕಾವಾ ಓಡೋಡಿ ಬಂದ. ಅವನು ಬಗ್ಗಿ ನಮಸ್ಕರಿಸಿದ್ದು ಅತ್ತೆಗೆ. “ಅಮ್ಮಾ, ಇಂಥ ಚಪ್ಪಾಳೆ ನಾನು ಹುಟ್ಟಿದಾಗಿಂದ ಕೇಳಿಲ್ಲ! ಇನ್ನು ಮೇಲೆ ಪ್ರತಿ ಊರಿಗೂ ತಾವು ದಯಮಾಡಿಸಬೇಕು. ನೀಲಿ ರಕ್ಕಸ ಇನ್ನು ತಾವೇ!”

ಅತ್ತೆ ಹೆಗಲ ಮೇಲಿನ ಕಾಗದದ ಸುರುಳಿಯನ್ನು ರೇಷ್ಮೆ ಶಾಲಿನಂತೆ ನೇವರಿಸಿಕೊಂಡಳು. ಅವಳ ಮುಖದಲ್ಲಿ ಬೆಳಗಿನ ಮೊರಿಹಿಕೊನ ನಗುವೇ ಇತ್ತು.

“ಬರ್ತೀನಪ್ಪಾ, ಯಾಕೆ ಬರಲ್ಲ? ಅಂಗಡಿಗೆ ಈಗ ಅಳಿಯಂದ್ರಿದ್ದಾರಲ್ಲ.”

“ಅವನೂ ಬೇಕಮ್ಮಾ” ಎಂದು ಓಇಕಾವಾ ಗಾಬರಿಯಾದ. “ನೀವು ಎತ್ತಿ ಒಗೀಬೇಕಾದ್ರೆ ಒಬ್ಬ ಬೀಳೋನು ಬೇಡ್ವಾ?”

ಅತ್ತೆ ಕೆಳಗಿದ್ದ ಅಳಿಯನ ಕೆನ್ನೆ ತಟ್ಟಿದಳು.

“ಭಾನುವಾರ ಕರ್ಕೊಂಡು ಬರ್ತೀನಿ. ಆದ್ರೆ ತೋಫು ಕೆಲಸ ಮುಗಿಸಿಕೊಂಡೇ!”