ಹೆಚ್ಚಾದ ಮಜ್ಜಿಗೆ

ಇಂಡಿ ಊರಿನ ಪೇಟೆಯಲ್ಲಿ ನನ್ನದು ಭಾಂಡೆ ಅಂಗಡಿ. ಮದುವೆಗೆ ಪಾತ್ರೆ ಬಾಡಿಗೆ ಕೊಡುವವನಿಗೆ ಊಟಕ್ಕೂ ಕರೆ ಬರುತ್ತದೆ, ಜಗಳಕ್ಕೂ ಬರುತ್ತದೆ. ತೊಂಬತ್ತರ ದಶಕದಲ್ಲಿ ನನ್ನ ಹತ್ತಿರ ಚೆಂಡಿನಂತೆ ದುಂಡಗಿದ್ದ, ಕಲಾಯಿ ಹಾಕಿದ ಹಂಡೆಯೊಂದಿತ್ತು. ಬಾಯಿ ಸಣ್ಣದು, ಬುಡಕ್ಕೆ ನಳ. ಒಳಗೆಷ್ಟು ಉಳಿದಿದೆ ನೋಡಲು ಸಮ ಅಂತರದ ಗೆರೆ ಕೊರೆದು ನಾಲ್ಕು ಪಾಲು ಮಾಡಿದ ಕೋಲನ್ನೂ ಕೊಡುತ್ತಿದ್ದೆ. ಕೊನೆಯ ಪಂಗತಿಗೆ ಮಜ್ಜಿಗೆ ಮುಟ್ಟದಿದ್ದರೆ ಮನೆಯವರ ಮಾನ ಹೋಗುತ್ತದಲ್ಲ.

೧. ಕಳ್ಳ

ಹೊರ್ತಿಯ ಮದುವೆ. ಮೊದಲ ಪಂಗತಿ ಏಳುವ ಮೊದಲೇ ಕೋಲಿನಲ್ಲಿ ಒಂದು ಗೆರೆ ಇಳಿದಿತ್ತು. ಬಾಯಿಯ ಹತ್ತಿರ ಹಂಡೆ ಇಕ್ಕಟ್ಟು, ಅದಕ್ಕೇ ಮಟ್ಟ ಸರ್ರನೆ ಇಳಿದದ್ದು. ಆಗ ಅದು ನನಗೂ ಹೊಳೆಯಲಿಲ್ಲ. ಅಡುಗೆಯವ ಸೌಟು ಹಿಡಿದೇ ಬಂದ.

"ಸಾವಕಾರ್ರ, ಮಜ್ಜಿಗಿ ಕಳುವಾಗಾಕತ್ತೈತ್ರಿ."

"ಕದ್ದು ಎಲ್ಲಿ ಇಟ್ಕೊಂತಾರೋ, ಕಿಸೇದಾಗ?"

ಅವನಿಗೆ ಸಮಾಧಾನವಾಗಲಿಲ್ಲ. ಹುಡುಗಿಯ ಸೋದರಮಾವನನ್ನು ನಳದ ಮುಂದೆ ಕಾವಲಿಗೆ ಕೂರಿಸಿದ. ಖರೇ ಕಳುವು ಶುರುವಾದದ್ದು ಆಮೇಲೆ.

೨. ಪವಾಡ

ಮನಗೂಳಿಯಲ್ಲಿ ಮಟ್ಟ ಹಂಡೆಯ ಹೊಟ್ಟೆಗೆ ಬಂದು ನಿಂತುಬಿಟ್ಟಿತು. ಮಂದಿ ಕುಡಿದೇ ಕುಡಿದರು, ಇಳಿಯಲೊಲ್ಲದು. ನಳ ತಿರುವುತ್ತಿದ್ದ ಅಜ್ಜಿಯ ಕೈಗುಣ ಅಂತ ಹೆಣ್ಣುಮಕ್ಕಳು ಅವಳ ಕಾಲಿಗೆ ಬೀಳಲು ಬಂದರು.

ಅಜ್ಜಿ ಪಕ್ಕಕ್ಕೆ ಸರಿದು, "ನನಗ ಬೀಳಬ್ಯಾಡ್ರವಾ, ಹಂಡೇಕ್ಕ ಬೀಳ್ರಿ. ಅದರ ಹೊಟ್ಟಿ ನಮ್ಮ ಮನಿಯವರ ಹೊಟ್ಟಿ ಇದ್ದಂಗ ಐತಿ, ಎಷ್ಟು ಹಿಡದೈತೋ ದೇವರಿಗೇ ಗೊತ್ತು" ಅಂದಳು.

೩. ಕಾಲು ಹಂಡೆ

ಗೊಳಸಂಗಿಯಲ್ಲಿ ನನ್ನ ಅಕ್ಕನ ಮಗಳ ಮದುವೆ. ಬೀಗರು ಮೈಸೂರು ಕಡೆಯವರು, ಕೊನೆಯ ಪಂಗತಿಗೆ ಕೂತಿದ್ದರು. ಕೋಲು ಕಾಲು ಹಂಡೆ ತೋರಿಸಿತು. ಸಾಕೇ ಸಾಕು ಅಂದ ನಮ್ಮ ಭಾವ.

ಊಟಕ್ಕೆ ಬಂದಿದ್ದ ಗಣಿತದ ಮಾಸ್ತರರು ಬೆರಳು ಮಡಚಿ ಲೆಕ್ಕ ಹಾಕಿದರು. "ಗುಂಡು ಪಾತ್ರಿಯೊಳಗ ಕಾಲು ಎತ್ತರ ಅಂದ್ರ ಕಾಲು ಮಜ್ಜಿಗಿ ಅಲ್ಲರಿ. ಆರನೇ ಪಾಲಿಗಿಂತ ಕಡಿಮಿ."

"ಶುಭಕಾರ್ಯದಾಗ ಕಡಿಮಿ ಅನಬ್ಯಾಡ್ರಿ ಸರ" ಅಂದ ಭಾವ.

ಪಂಗತಿಯ ನಡುವೆಯೇ ನಳ ಬುಸ್ಸೆಂದಿತು. ನಮ್ಮಲ್ಲಿ ಮದುವೆಮನೆಯಲ್ಲಿ ಏನು ತೀರಿದರೂ 'ತೀರಿತು' ಅನ್ನಬಾರದು, 'ಹೆಚ್ಚಾತು' ಅನ್ನಬೇಕು. ಅಕ್ಕ ಒಳಗಿಂದ ಹಾಗೇ ಕೂಗಿದಳು: "ಮಜ್ಜಿಗಿ ಹೆಚ್ಚಾತ್ರಿ."

ಹಿರಿಯ ಬೀಗರು ಎಲೆಯಿಂದ ತಲೆಯೆತ್ತಿದರು. "ಹೆಚ್ಚಾಗಿದ್ರೆ ಚೆಲ್ಲಬೇಡಿ, ಈ ಕಡೆ ತನ್ನಿ."

ಭಾವನ ಮುಖ ಬಿಳಿಚಿತು. ಅಕ್ಕ ಹಂಡೆಗೆ ಎರಡು ಕೊಡ ನೀರು ಸುರಿದು, ಉಪ್ಪು, ಜೀರಿಗೆ, ಕೊತ್ತಂಬರಿ ಹಾಕಿ, ಅದೇ ಕೋಲಿನಿಂದ ಕದಡಿ ಕಳಿಸಿದಳು. ಬೀಗರು ಎರಡು ಲೋಟ ಕುಡಿದು ಮೀಸೆ ಒರೆಸಿಕೊಂಡರು.

"ಮೊದಲಿನದು ಸ್ವಲ್ಪ ಮಂದ ಇತ್ತು. ಹೆಚ್ಚಾದ ಮೇಲೆ ರುಚಿ ಬಂತು ನೋಡಿ."