ಮಾವನ ರಾಜಿ ಕವಳ

ಶಿರಸಿಯಲ್ಲಿ ಬಾಯಿ ಮುಚ್ಚಿಕೊಂಡು ವಕೀಲಿಕೆ ಮಾಡಿ ಹೆಸರು ಗಳಿಸಿದವರು ಯಾರಾದರೂ ಇದ್ದರೆ ಅದು ನಮ್ಮ ಮಾವ ಒಬ್ಬನೇ. ಉಳಿದ ವಕೀಲರು ಮಾತಾಡಿ ಗೆಲ್ಲುತ್ತಿದ್ದರು, ಇಲ್ಲವೇ ಮಾತಾಡಿ ಸೋಲುತ್ತಿದ್ದರು. ಮಾವ ಮಾತೇ ಆಡುತ್ತಿರಲಿಲ್ಲ. ಹಾಗೆಂದು ಆತ ಮಿತಭಾಷಿ ಎಂದು ತಿಳಿದರೆ ನೀವು ಮೋಸಹೋದಿರಿ. ಮನೆಯೊಳಗೆ ಅವನ ಬಾಯಿಗೆ ಬಿಡುವೇ ಇರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಅತ್ತೆಯ ಮುಂದೆ ಕಾಲು ಗಂಟೆ ವಾದ ಮಂಡಿಸಿ, ತೀರ್ಪನ್ನೂ ತಾನೇ ಕೊಟ್ಟು, ಮೇಲ್ಮನವಿಗೆ ಅವಕಾಶವಿಲ್ಲವೆಂದು ಕೈ ತೊಳೆಯುತ್ತಿದ್ದ. ಅವನ ಮೌನವೆಲ್ಲ ದುಡಿಮೆಗೆ ಮೀಸಲು.

ನಾನು ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಮಾವನ ಮನೆಯಲ್ಲಿ ಇಳಿದುಕೊಂಡದ್ದು ಐವತ್ತೆಂಟರ ಜೂನ್‌ನಲ್ಲಿ. ಆ ದಿನದಿಂದ ಒಂದು ದಿನವೂ ತಪ್ಪದೆ ಡೈರಿ ಬರೆದಿದ್ದೇನೆ. ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ದೋಸೆ ತಿಂದೆ ಎಂಬುದೂ ಅದರಲ್ಲಿದೆ. ನನ್ನ ಅಕ್ಷರ ದುಂಡಾಗಿದ್ದುದರಿಂದ ಭಾನುವಾರಗಳಂದು ಮಾವನ ನೋಟೀಸುಗಳನ್ನು ಬರೆದುಕೊಡುವ ಕೆಲಸ ನನ್ನ ತಲೆಗೆ ಬಿತ್ತು. ಊಟ ಹಾಕುವವರ ಮಾತನ್ನು ಇಲ್ಲವೆನ್ನಲು ಬರುತ್ತದೆಯೇ?

ಮಾವನ ಕಸುಬು ಅಪಘಾತದ್ದು. ಆಗ ನಮ್ಮ ಕಡೆ ಲಾರಿಗಳು ಹೆಚ್ಚುತ್ತಿದ್ದವು, ರಸ್ತೆಗಳು ಹೆಚ್ಚುತ್ತಿರಲಿಲ್ಲ. ಲಾರಿಗೆ ವಿಮೆ ಇರುತ್ತಿತ್ತು, ಲಾರಿ ಬಡಿದವನಿಗೆ ಇರುತ್ತಿರಲಿಲ್ಲ. ಪೆಟ್ಟು ತಿಂದವನು ಮಾವನ ಜಗಲಿಗೆ ಬರುತ್ತಿದ್ದ. ಮಾವ ಲಾರಿಯ ಮಾಲೀಕನಿಗೂ ವಿಮಾ ಕಂಪನಿಗೂ ನೋಟೀಸು ಕಳಿಸುತ್ತಿದ್ದ. ಕಂಪನಿಯ ಕಡೆಯವರೊಬ್ಬರು ಹುಬ್ಬಳ್ಳಿಯಿಂದ ಬಸ್ಸು ಹತ್ತಿ ಬರುತ್ತಿದ್ದರು. ಅವರಿಬ್ಬರೂ ಜಗಲಿಯಲ್ಲಿ ಕೂತು, ಕಾಲಿಗೆ ಇಷ್ಟು, ಬೆರಳಿಗೆ ಇಷ್ಟು ಎಂದು ಚೌಕಾಸಿ ಮಾಡಿ ರಾಜಿ ಪತ್ರಕ್ಕೆ ಬರುತ್ತಿದ್ದರು. ರಾಜಿ ಆಗದಿದ್ದರೆ ದಾವೆ. ದಾವೆಯೆಂದರೆ ಕಾರವಾರ.

ಈ ಕಾರವಾರದಲ್ಲೇ ಇತ್ತು ಗುಟ್ಟು. ನೋಟೀಸಿನ ಕೊನೆಗೆ ‘ತಪ್ಪಿದಲ್ಲಿ ಕಾರವಾರದ ನ್ಯಾಯಾಲಯದಲ್ಲಿ ದಾವೆ ಹೂಡಲಾಗುವುದು’ ಎಂಬ ಸಾಲನ್ನು ನಾನು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು. ಮೂರು ವರ್ಷಗಳಲ್ಲಿ ಅದನ್ನು ಮೂವತ್ತೊಂದು ಸಲ ಬರೆದೆ. ಮಾವ ಕಾರವಾರಕ್ಕೆ ಹೋದದ್ದು ಸೊನ್ನೆ ಸಲ. ಕಾರಣ ಕೇಳಿದ್ದಕ್ಕೆ ಅತ್ತೆ ಒಲೆಯ ಮುಂದಿನಿಂದಲೇ ಹೇಳಿದಳು:

“ಒಂದ್ಸಲ ಹೊರಟಿದ್ದ ತಮಾ. ದೇವಿಮನೆ ಘಟ್ಟದಲ್ಲಿ ಬಸ್ಸು ಎಷ್ಟು ತಿರುಗ್ತೋ ಅಷ್ಟು ಸಲ ವಾಂತಿ. ಕುಮಟೆಲಿ ಇಳಿದವ ಅಲ್ಲಿಂದ್ಲೇ ತಿರುಗಿ ಬೈಂದ. ಕೋರ್ಟಿಗೆ ಹೋಗಕ್ಕಾದ ಕರೀ ಕೋಟು ಬಟ್ಟೆ ಒಗೆಯವನ ಮನೆಗೆ ಹೋತು.”

ಅಂದರೆ ಘಟ್ಟ ಇಳಿಯಲಾರದ ವಕೀಲ ಘಟ್ಟದ ಕೆಳಗಿನ ಕೋರ್ಟಿನ ಹೆಸರು ಹೇಳಿ ಕಂಪನಿಗಳನ್ನು ಹೆದರಿಸುತ್ತಿದ್ದ. ಇಂಥ ಧೈರ್ಯ ಇನ್ನಾರಿಗೆ ಬಂದೀತು?

ಇನ್ನು ಅವನ ಮೌನದ ವಿಚಾರ. ಕಂಪನಿಯ ಸಾಹೇಬರು ಬಂದು ಕುಳಿತು ಮೊದಲ ಮೊತ್ತವನ್ನು ಬಾಯಿಂದ ಹೊರಡಿಸಿದ ಕೂಡಲೇ ಮಾವ ವೀಳ್ಯದೆಲೆಯ ತಟ್ಟೆ ಎಳೆದುಕೊಳ್ಳುತ್ತಿದ್ದ. ಎಲೆಯ ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಹಚ್ಚಿ, ಅಡಿಕೆ, ಹೊಗೆಸೊಪ್ಪು ಇಟ್ಟು, ಒಂದು ಭಾರೀ ಕವಳ ಕಟ್ಟಿ ಬಾಯಿಗೆ ತುಂಬುತ್ತಿದ್ದ. ಆಮೇಲೆ ಹೇಗೆ ಮಾತಾಡುವುದು? ಸಾಹೇಬರು ಏನು ಕೇಳಿದರೂ ಹುಬ್ಬು ಎತ್ತುವುದು, ಇಳಿಸುವುದು. ಎದುರಿಗಿದ್ದವನು ಸುಮ್ಮನಿದ್ದರೆ ಮನುಷ್ಯನಿಗೆ ತಡೆಯಲಾಗುವುದಿಲ್ಲವಷ್ಟೆ. ಸಾಹೇಬರು ತಮ್ಮ ಮಾತಿಗೆ ತಾವೇ ಉತ್ತರ ಕೊಟ್ಟುಕೊಳ್ಳತೊಡಗುತ್ತಿದ್ದರು.

“ಇನ್ನೂರು ಕಮ್ಮಿ ಆತು ಅಂತೀರೇನು? ಆತ್ರಿ, ಇನ್ನೂರೈವತ್ತು.”

ಮಾವನ ಹುಬ್ಬು ಅರ್ಧ ಅಂಗುಲ ಮೇಲೆ.

“ಅದೂ ಬ್ಯಾಡಾ? ನೀವು ಭಾಳ ಬಿಗಿ ಬಿಡ್ರಿ ವಕೀಲರ. ಮುನ್ನೂರು.”

ನನಗೆ ಕೈಗಡಿಯಾರ ಇತ್ತು. ಹಾಗಾಗಿ ಲೆಕ್ಕ ಇದೆ. ಮುರಿದ ಮೊಣಕೈಗೆ ಒಂದು ಕವಳ, ಇಪ್ಪತ್ತೆರಡು ನಿಮಿಷ. ಕಾಲಿನ ಎಲುಬಾದರೆ ಎರಡು ಕವಳ, ಐವತ್ತು ನಿಮಿಷ. ಮನಸ್ಸಿಗೆ ಒಪ್ಪುವ ಮೊತ್ತ ಬಂದಾಗ ಮಾವ ಎದ್ದು ಅಂಗಳದಂಚಿಗೆ ಹೋಗಿ ಉಗುಳುತ್ತಿದ್ದ. ಅಷ್ಟರಲ್ಲಿ ನಾನು ರಾಜಿ ಪತ್ರಕ್ಕೆ ಶಾಯಿ ಅದ್ದಬೇಕು. ಕಾನೂನಿನ ಪುಸ್ತಕಗಳ ಮೇಲೆ ಧೂಳು ಕೂತಿತ್ತು. ಎಲೆಯ ತಟ್ಟೆ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು.

ಈ ವಿದ್ಯೆ ಕೈಕೊಟ್ಟದ್ದೂ ಉಂಟು. ಸಿದ್ದಾಪುರ ತಾಲೂಕಿನ ಮನ್ಮನೆಯವನೊಬ್ಬನಿಗೆ ಲಾರಿ ತಾಗಿ ಸೊಂಟ ಹಿಡಿದಿತ್ತು. ನಿಜವಾಗಿಯೂ ಹಿಡಿದಿತ್ತು, ಆದರೆ ಮಾವ ಅದಕ್ಕೆ ಇನ್ನಷ್ಟು ಸೇರಿಸಿ, ‘ಕಕ್ಷಿದಾರರು ಹಾಸಿಗೆ ಬಿಟ್ಟು ಏಳಲಾರರು’ ಎಂದು ಎಂಟುನೂರು ರೂಪಾಯಿಗೆ ನನ್ನಿಂದ ನೋಟೀಸು ಬರೆಸಿದ್ದ. ಸಾಹೇಬರು ಕಣ್ಣಾರೆ ನೋಡಬೇಕೆಂದರು. ಮೂವರೂ ಹೋದೆವು. ಕಕ್ಷಿದಾರ ಹೇಳಿಕೊಟ್ಟಂತೆ ಕಂಬಳಿ ಹೊದ್ದು ಮಲಗಿದ್ದ. ಆದರೆ ಬಿಸಿಲಿನಲ್ಲಿ ಬಂದ ಅಪರಿಚಿತರೊಬ್ಬರು ಮೆಟ್ಟಿಲು ಹತ್ತಿದ್ದನ್ನು ಕಂಡದ್ದೇ ತಡ, ಆ ಪುಣ್ಯಾತ್ಮ ಕಂಬಳಿ ಒಗೆದು ಜಿಗಿದೆದ್ದ.

“ಬನ್ನಿ ಬನ್ನಿ, ಆಸರಿಗೆ ಎಂತ ಬೇಕು? ಬೆಲ್ಲ-ನೀರು ತತ್ತೆ, ಕೂತ್ಕಳಿ” ಎಂದು ಬಾವಿಯ ಕಡೆ ಓಡಿದ. ತಾನೇ ಸೇದಿ ತುಂಬಿದ ಕೊಡ ಸೊಂಟದ ಮೇಲೆ ಇಟ್ಟುಕೊಂಡು ಬಂದ. ಅದೂ ಪೆಟ್ಟು ಬಿದ್ದ ಸೊಂಟದ ಮೇಲೆ!

ಸಾಹೇಬರು ನೀರು ಕುಡಿದು, “ಭಾಳ ಸಿಹಿ ನೀರ್ರಿ” ಎಂದರು. ಮಾವ ಅಂದು ಕವಳ ಹಾಕಲಿಲ್ಲ. ಬಾಯಿ ಮೊದಲೇ ಕಟ್ಟಿಹೋಗಿತ್ತು. ಬಸ್ಸಿನಲ್ಲಿ ಬರುವಾಗ ನನಗೆ ಹೇಳಿದ:

“ಬರ್ಕ, ತಮಾ. ಒಂದು ಚೊಂಬು ನೀರು, ಎಂಟುನೂರು ರೂಪಾಯಿ.”

ಬರೆದುಕೊಂಡೆ. ಆ ಪುಟ ಈಗಲೂ ಇದೆ.

ಇನ್ನು ಅಡಿಗೆಭಟ್ಟನ ಕೇಸು. ಈತ ಮಂಚಿಕೇರಿ ಕಡೆಯವನು. ಯಲ್ಲಾಪುರ, ಶಿರಸಿಯ ಸುತ್ತ ಮದುವೆ, ಮುಂಜಿ ಎಂದರೆ ಅಡಿಗೆಗೆ ಅವನಿಗೇ ಹೇಳಿಕೆ. ಐದುನೂರು ಜನರ ಪಂಕ್ತಿಯಲ್ಲಿ ತಾನೇ ಮೊದಲ ಸುತ್ತು ಅನ್ನ ಬಡಿಸದಿದ್ದರೆ ಅವನಿಗೆ ಅಡಿಗೆ ಮುಗಿದಂತೆ ಅಲ್ಲ. ಒಂದು ಮದುವೆ ಮುಗಿಸಿ ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ತನ್ನ ಹಂಡೆಯನ್ನು ಬಸ್ಸಿನ ಮೇಲೆ ಏರಿಸಲು ನಿಂತಿದ್ದಾಗ ಒಂದು ಲಾರಿ ಹಿಂದಕ್ಕೆ ಬಂತು. ಹಂಡೆಗೂ ಲಾರಿಗೂ ನಡುವೆ ಬಲಗೈ ಸಿಕ್ಕಿತು. ಹೆಬ್ಬೆರಳೂ ಅದರ ಪಕ್ಕದ ಎರಡು ಬೆರಳೂ ಹೋದವು. ಹೆಂಡತಿ, ಮೂರು ಹೆಣ್ಣುಮಕ್ಕಳು, ತೋಟವಿಲ್ಲ, ಗದ್ದೆಯಿಲ್ಲ. ಕೈಯಿಂದ ಬಂದದ್ದೇ ಅನ್ನ.

ಜಗಲಿಗೆ ಬಂದಾಗ ಆತ ಬಲಗೈಯನ್ನು ಶಾಲಿನೊಳಗೆ ಮುಚ್ಚಿಟ್ಟಿದ್ದ.

“ತೋರ್ಸ” ಎಂದ ಮಾವ.

“ಎಂತ ತೋರ್ಸದು ವಕೀಲರೇ, ಇದ್ದಿದ್ದರೆ ತೋರಿಸಲಾಗ್ತಿತ್ತು” ಎಂದ ಭಟ್ಟ. ಆಮೇಲೆ, “ಎಂಗೆ ಭಿಕ್ಷೆ ಬೇಡ. ಪೇಟೆಲಿ ಸಣ್ಣದೊಂದು ಖಾನಾವಳಿ ಹಾಕಲೆ ಆಗವಷ್ಟು ಸಿಕ್ಕರೆ ಸಾಕು. ಒಲೆ ಮುಂದೆ ನಿಂತು ಹೇಳಿ ಮಾಡ್ಸಲೆ ಬಾಯಿ ಇದ್ದು” ಎಂದ.

ಖಾನಾವಳಿಗೆ ಎರಡು ಸಾವಿರವಾದರೂ ಬೇಕೆಂದು ಮಾವ ಲೆಕ್ಕ ಹಾಕಿದ. ನೋಟೀಸು ಹೋಯಿತು. ಸಾಹೇಬರು ಬರುವುದು ಮಾರ್ಚ್ ತಿಂಗಳ ಒಂದು ಭಾನುವಾರ ಎಂದು ನಿಶ್ಚಯವಾಯಿತು. ಅತ್ತೆ ತವರಿಗೆ ಹೋಗಿದ್ದಳು. ಮಾವ ಭಟ್ಟನಿಗೆ, “ಅಡಿಗೆ ನೀನೇ ಮಾಡಕ್ಕು. ಬಡಿಸಲೆ ನಮ್ಮ ತಮ್ಮ ಇದ್ದ” ಎಂದು ಹೇಳಿಕಳಿಸಿದ್ದ. ತಮ್ಮ ಎಂದರೆ ನಾನೇ. ಬೆಳಿಗ್ಗೆ ಏಳಕ್ಕೆ ಬಂದ ಭಟ್ಟ ಎಡಗೈಯಲ್ಲಿ ಸೌತೆಕಾಯಿ ಹೆಚ್ಚಿ, ಎಡಗೈಯಲ್ಲಿ ತೊಳಸಿ, ನನ್ನಿಂದ ಕಾಯಿ ತುರಿಸಿ, ಹುಳಿ, ತಂಬುಳಿ, ಪಲ್ಯ ಮುಗಿಸಿಟ್ಟ.

ಸಾಹೇಬರು ಹನ್ನೊಂದಕ್ಕೆ ಬಂದರು. ಬಂದವರೇ ಡಾಕ್ಟರ ಸರ್ಟಿಫಿಕೇಟು ಹರವಿದರು.

“ನೋಡ್ರಿ ವಕೀಲರ, ಇಲ್ಲಿ ಬರದದ. ಎಡಗೈ ಪೂರಾ ಛಲೋ ಐತಿ, ಹಗುರು ಕೆಲಸ ಮಾಡಬಹುದು ಅಂತ. ಮುನ್ನೂರು ಕೊಡತೇವಿ. ಒಲ್ಲೆ ಅಂದ್ರ ಕಾರವಾರದಾಗ ಭೇಟಿ ಆಗೂಣು.”

ಕಾರವಾರ ಎಂದು ಅವರೇ ಹೇಳಿಬಿಟ್ಟರು. ಮಾವನ ಮುಖ ಘಟ್ಟದ ಮೊದಲ ತಿರುವು ಕಂಡವನ ಮುಖದಂತಾಯಿತು. ಅವಸರದಲ್ಲಿ ತಟ್ಟೆ ಎಳೆದು ಕವಳ ಕಟ್ಟಿ ಬಾಯಿಗಿಟ್ಟ. ಆಗ ಸಾಹೇಬರು ಏನು ಮಾಡಬೇಕು? ಕೋಟಿನ ಕಿಸೆಯಿಂದ ತಮ್ಮದೇ ಒಂದು ಡಬ್ಬಿ ತೆಗೆದರು. ಅದರಲ್ಲಿ ಎಲೆ, ಅಡಿಕೆ, ಸುಣ್ಣ ಎಲ್ಲ ಇತ್ತು. ಮಾವನದಕ್ಕಿಂತ ದೊಡ್ಡದೊಂದು ಕವಳ ಕಟ್ಟಿ, ಬಾಯಿ ತುಂಬಿಕೊಂಡು, ಗೋಡೆಗೆ ಒರಗಿ ಕೂತರು.

ಇಬ್ಬರು ಹಿರಿಯರು ಎದುರುಬದುರು ಕೂತು ಹುಬ್ಬುಗಳಲ್ಲೇ ನಲವತ್ತೆಂಟು ನಿಮಿಷ ವ್ಯವಹಾರ ನಡೆಸಿದರು. ಮುನ್ನೂರು ಮುನ್ನೂರಾಗಿಯೇ ಉಳಿಯಿತು. ಅಂಗಳದಲ್ಲಿ ದನ ಬಂದು ಒಣಗಲು ಹಾಕಿದ ಬಟ್ಟೆ ಮೇಯುತ್ತಿದ್ದರೂ ಓಡಿಸಲು ಯಾರ ಬಾಯಿಯೂ ಖಾಲಿ ಇರಲಿಲ್ಲ. ಭಟ್ಟ ಬಾಗಿಲ ಸಂದಿಯಲ್ಲಿ ನಿಂತು ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡುತ್ತಿದ್ದ. ಅವನ ಖಾನಾವಳಿ ಆ ಎರಡು ಬಾಯಿಗಳ ನಡುವೆ ಸಿಕ್ಕಿಕೊಂಡಿತ್ತು.

ಗಂಟೆ ಹನ್ನೆರಡು ದಾಟಿತು. ಮನೆಗೆ ಬಂದವರನ್ನು ಉಪವಾಸ ಕಳಿಸಲಾದೀತೇ? ಜಗಲಿಯಲ್ಲೇ ಮೂರು ಬಾಳೆ ಎಲೆ ಹಾಕಿದೆ. ಊಟಕ್ಕೆ ಕೂರಬೇಕಾದರೆ ಇಬ್ಬರೂ ಉಗುಳಲೇಬೇಕು. ಇಬ್ಬರೂ ಅಂಗಳದಂಚಿಗೆ ಒಟ್ಟಿಗೇ ಹೋಗಿ, ಒಟ್ಟಿಗೇ ಉಗುಳಿ ಬಂದರು. ನಾನು ಅನ್ನದ ಪಾತ್ರೆಗೆ ಕೈ ಹಾಕಿದೆ.

“ನೀ ಕೂತ್ಕ” ಎಂದ ಮಾವ ನನಗೆ. ಆಮೇಲೆ ಒಳಗೆ ನೋಡಿ, “ಭಟ್ಟಾ, ಬಡಿಸು.”

ಭಟ್ಟ ಹೊರಗೆ ಬಂದ. ಬಲಗೈ ಶಾಲಿನೊಳಗೇ ಇತ್ತು.

“ವಕೀಲರೇ, ಅದೊಂದು ಎನ್ನ ಹತ್ರ ಆಗ್ತಿಲ್ಲೆ. ತಮ್ಮ ಬಡಿಸಲಿ.”

“ಬಡಿಸು ಹೇಳಿದ್ನಲ್ಲ.”

ಇದನ್ನು ಮಾವ ಮೊದಲೇ ಯೋಚಿಸಿಟ್ಟಿದ್ದನೋ, ಆ ಕ್ಷಣಕ್ಕೆ ಹೊಳೆಯಿತೋ, ನನ್ನ ಡೈರಿಯಲ್ಲಿ ಉತ್ತರವಿಲ್ಲ. ಭಟ್ಟ ಎಡಗೈಯಲ್ಲಿ ಸೌಟು ಹಿಡಿದು, ಅನ್ನ ತೆಗೆದು, ಸಾಹೇಬರ ಎಲೆಯ ಮೇಲೆ ಬಾಗಿದ. ಸಾಹೇಬರು ಬೆಂಕಿ ಕಂಡವರಂತೆ ಎರಡೂ ಅಂಗೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದರು.

“ಏ ಭಟ್ರ, ಎಡಗೈಲೆ ನೀಡತೀರೇನ್ರಿ? ಉಣ್ಣೂ ಅನ್ನ ಅದು.”

ಭಟ್ಟನ ಸೌಟು ಹಾಗೇ ಗಾಳಿಯಲ್ಲಿ ನಿಂತಿತು. ಮಾವ ಆಗ ಬಾಯಿ ಬಿಟ್ಟ. ಮೂರು ವರ್ಷಗಳಲ್ಲಿ ಕಂಪನಿಯವರ ಮುಂದೆ ಅವನು ವಾದ ಮಾಡಿದ್ದು ಅದೊಂದೇ ಸಲ.

“ಯಾಕೆ ಸಾಹೇಬರೇ? ಎಡಗೈ ಪೂರಾ ಸರಿಯಿದೆ ಎಂದು ಈಗ ತಾನೇ ಓದಿದಿರಿ. ಇದು ಹಗುರ ಕೆಲಸವೇ. ಒಂದು ಸೌಟು ಅನ್ನ. ನೀವೊಬ್ಬರು ಎಲೆಗೆ ಕೈ ಅಡ್ಡ ಹಿಡಿದಿರಿ. ಪಂಕ್ತಿಯಲ್ಲಿ ಐದುನೂರು ಜನ ಹಿಡಿಯುತ್ತಾರೆ. ಇವನಿಗೆ ಇನ್ನು ಯಾರ ಮನೆಯ ಮದುವೆ?”

ಸಾಹೇಬರು ಕೈ ತೆಗೆಯಲಿಲ್ಲ. ತೆಗೆದರೆ ಎಡಗೈಯ ಅನ್ನ ಎಲೆಗೆ ಬೀಳುತ್ತಿತ್ತು. ತಮ್ಮ ಅಂಗೈಗಳನ್ನೇ ನೋಡಿಕೊಂಡರು.

“ಎಷ್ಟ್ರಿ?” ಎಂದರು.

“ಎರಡೂವರೆ ಸಾವಿರ.”

“ನನಗ ಎರಡರ ತನಕ ಅಧಿಕಾರ ಐತ್ರಿ. ಅದರ ಮ್ಯಾಲ ಮುಂಬೈ ಆಫೀಸಿಗೆ ಬರೀಬೇಕು.”

“ಎರಡು ಬರೆಯಿರಿ.”

ಎಲೆಗಳನ್ನು ಪಕ್ಕಕ್ಕೆ ಸರಿಸಿ ಕಾಗದ ಹರವಿದೆವು. ಬಲಗೈಯಲ್ಲಿ ಸಹಿ ಹಾಕಲಾಗದ ಭಟ್ಟ ಎಡಗೈ ಹೆಬ್ಬೆಟ್ಟು ಒತ್ತಿದ. ಅದಕ್ಕೆ ಯಾರೂ ಬೇಡವೆನ್ನಲಿಲ್ಲ. ಕಾನೂನಿಗೆ ಎಡಗೈ ನಡೆಯುತ್ತದೆ. ಸಾಹೇಬರು ಬಸ್ಸಿನ ಹೊತ್ತಾಯಿತು, ಹಸಿವಿಲ್ಲ ಎಂದು ಹೊರಟರು. ಹೋಗುವಾಗ ಭಟ್ಟನ ಕಡೆ ತಿರುಗಿ ಕೈ ಮುಗಿದರೋ, ಚಪ್ಪಲಿ ಹುಡುಕಿದರೋ, ಗೊತ್ತಾಗಲಿಲ್ಲ.

ಭಟ್ಟ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಅನ್ನದ ಸೌಟು ಇನ್ನೂ ಎಡಗೈಯಲ್ಲೇ ಇತ್ತು. ಎರಡು ಸಾವಿರ ಗೆದ್ದವನ ಬೆನ್ನು ಹಾಗಿರುತ್ತದೆಯೇ? ನಾನು ಜೀವನದಲ್ಲಿ ಮೊದಲ ಸಲ ಮಾವನಿಗೆ ಎದುರು ಮಾತಾಡಿದೆ.

“ಮಾವ, ಅಂವ ಮನುಷ್ಯ. ಪುರಾವೆ ಅಲ್ಲ.”

ಮಾವ ಈ ಸಲ ಕವಳದ ತಟ್ಟೆಗೆ ಕೈ ಹಾಕಲಿಲ್ಲ. ಸಾಹೇಬರು ಬಿಟ್ಟುಹೋದ ಎಲೆಯನ್ನು ಎಳೆದುಕೊಂಡು ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ನೀರು ಚಿಮುಕಿಸಿ ಎಲೆ ಒರೆಸಿದ.

“ಭಟ್ಟಾ, ಹಶಿವಾತು. ಬಡಿಸು.”

ಭಟ್ಟ ತಿರುಗಲಿಲ್ಲ. “ತಮ್ಮ ಬಡಿಸ್ತ” ಎಂದ, ಗೋಡೆಗೆ.

“ಅಂವ ಬೇಡ. ಅಡಿಗೆ ಮಾಡಿದವ ಬಡಿಸಕ್ಕು. ಎಂಗೆ ಆ ಕೈಯೇ ಅಡ್ಡಿಲ್ಲೆ.”

ಭಟ್ಟ ತಿರುಗುವವರೆಗೆ ಎಷ್ಟು ನಿಮಿಷವಾಯಿತೋ, ನಾನು ಗಡಿಯಾರ ನೋಡಲಿಲ್ಲ. ನಾನೂ ಹೋಗಿ ಮಾವನ ಪಕ್ಕದ ಎಲೆಯ ಮುಂದೆ ಕೂತೆ. ಭಟ್ಟ ನಿಧಾನವಾಗಿ ಬಂದ. ಎಡಗೈಯಲ್ಲಿ ಸೌಟು ತುಂಬಿದ. ಬಡಿಸುವ ಮುನ್ನ ಶಾಲಿನೊಳಗಿಂದ ಬಲಗೈಯನ್ನು ಹೊರಗೆ ತೆಗೆದು, ಉಳಿದ ಎರಡು ಬೆರಳುಗಳನ್ನು ಎಡ ಮಣಿಕಟ್ಟಿಗೆ ತಾಗಿಸಿ ಹಿಡಿದ. ಅನ್ನ ಬಿತ್ತು. ಆಮೇಲೆ ಹುಳಿಯ ಪಾತ್ರೆಗೆ ತಿರುಗಿದ.

ಮಾವ ತಲೆ ಎತ್ತಿ ನೋಡಲಿಲ್ಲ. ಬೆರಳಿನಿಂದ ಅನ್ನವನ್ನು ಎರಡು ಕಡೆ ಸರಿಸಿ, ನಡುವೆ ಹುಳಿಗೆ ಜಾಗ ಮಾಡಿಕೊಟ್ಟ.